ಸಂಘದ ವರ್ಷವೂ ಮಾಗಿಯ ಸೊಗಸೂ

ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಕಾರ್ಯಗಳಲ್ಲಿ ವಿದ್ಯಾರ್ಥಿ ಸಂಘದ ವಾರ್ಷಿಕ ವರದಿಯ ವಾಚನವೂ ಒಂದು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ಹಾರದ ಭಾರವನ್ನು ಹೊತ್ತು ಕುಳಿತಿರುತ್ತಾರೆ. ಕಾರ್ಯದರ್ಶಿ ಎದ್ದು ನಿಂತು, ಕಾಗದ ನಡುಗದಂತೆ ಎರಡೂ ಕೈಗಳಿಂದ ಭದ್ರವಾಗಿ ಹಿಡಿದು, ಓದತೊಡಗುತ್ತಾನೆ: ಈ ಸಾಲಿನಲ್ಲಿ ಸಂಘವು ಇಷ್ಟು ಸಭೆಗಳನ್ನು ನಡೆಸಿತು; ಇಂಥ ದಿನ ಇಂಥವರು ಉಪನ್ಯಾಸ ಮಾಡಿದರು; ಇಂಥವರು ಅಧ್ಯಕ್ಷತೆ ವಹಿಸಿದ್ದರು; ವಂದನಾರ್ಪಣೆಯೊಡನೆ ಸಭೆ ಯಶಸ್ವಿಯಾಗಿ ಮುಕ್ತಾಯವಾಯಿತು. ಹಿಂದಿನ ಸಾಲಿನ ಹುಡುಗರು ಇದನ್ನೆಲ್ಲ ಕೇಳುತ್ತಾರೆಂದು ಹೇಳಲಾರೆ. ಅದು ಮುಗಿಯುವುದನ್ನು ಮಾತ್ರ ಬಹು ಸಹನೆಯಿಂದ ಕಾಯುತ್ತಾರೆ. ಈ ವರದಿಗಳನ್ನೇ ನಂಬುವುದಾದರೆ, ನಮ್ಮ ನಾಡಿನ ಯಾವ ಕಾಲೇಜಿನಲ್ಲಿಯೂ ಯಾವ ಸಭೆಯೂ ಎಂದೂ ವಿಫಲವಾದದ್ದಿಲ್ಲ!

ಸಂಘವೊಂದು ತನ್ನ ವರ್ಷವನ್ನು ಹಿಂತಿರುಗಿ ನೋಡುವುದಕ್ಕೆ ಇದಕ್ಕಿಂತ ಮೇಲಾದ ಬಗೆಯೊಂದುಂಟೆ ಎಂಬುದನ್ನು ಈ ಹೊತ್ತು ಸ್ವಲ್ಪ ಯೋಚಿಸಬೇಕೆಂದಿದ್ದೇನೆ. ಜೊತೆಗೆ, ಈ ಮಾಗಿಯ ಕಾಲದ ಮಾತನ್ನೂ ಆಡುತ್ತೇನೆ. ವರದಿಗೂ ಚಳಿಗೂ ಏನು ಸಂಬಂಧವೆಂದು ಕೇಳುಗರು ಆಶ್ಚರ್ಯಪಡಬಹುದು. ಸಂಬಂಧವುಂಟು, ಅದನ್ನು ತೋರಿಸುವುದೇ ಈ ಭಾಷಣದ ಉದ್ದೇಶ.

ಮೊದಲು, ವಿದ್ಯಾರ್ಥಿ ಸಂಘದ ಸ್ವಭಾವವೇನೆಂಬುದನ್ನು ನೋಡೋಣ. ಗುಡಿಗೆ ಅರ್ಚಕರ ವಂಶವಿದೆ, ಮಠಕ್ಕೆ ಗುರುಪರಂಪರೆಯಿದೆ, ಊರಿನ ಸಂಘಕ್ಕೆ ಮೂವತ್ತು ವರ್ಷ ಪಟ್ಟುಹಿಡಿದು ಕುಳಿತ ಕಾರ್ಯದರ್ಶಿಗಳಿರುತ್ತಾರೆ. ವಿದ್ಯಾರ್ಥಿ ಸಂಘಕ್ಕಾದರೋ ಈ ಯಾವ ಆಸರೆಯೂ ಇಲ್ಲ. ಇಂದು ಅದನ್ನು ನಡೆಸುತ್ತಿರುವವರು ಇನ್ನೆರಡು ವರ್ಷಗಳಲ್ಲಿ ಕಾಲೇಜಿನಿಂದಲೇ ಹೊರಟುಹೋಗುತ್ತಾರೆ. ಹೊಸಬರು ಬಂದಾಗ ಅವರಿಗೆ ಸಿಕ್ಕುವುದು ಒಂದು ಬೀಗದ ಕೈ, ಒಂದು ಕಪಾಟು, ಒಂದು ಲೆಕ್ಕದ ಪುಸ್ತಕ. ಪ್ರತಿ ವರ್ಷವೂ ಸಂಘ ಹೊಸದಾಗಿ ಹುಟ್ಟಬೇಕು. ಆದುದರಿಂದ ಅದರ ನೆನಪೆಂಬುದೇನಾದರೂ ಇದ್ದರೆ ಅದು ಆ ವಾರ್ಷಿಕ ವರದಿಯೊಂದೇ. ಅದು ಬರಿಯ ಸಭೆಗಳ ಎಣಿಕೆಯಾದರೆ ಸಂಘಕ್ಕೆ ನೆನಪೇ ಇಲ್ಲದಂತಾಯಿತು.

ವಿದ್ಯಾರ್ಥಿಗಳ ಸಂಘ ಏನು ತಾನೇ ಮಾಡಬಲ್ಲುದು ಎಂದು ಕೆಲವರು ಹಗುರವಾಗಿ ಮಾತನಾಡುವುದುಂಟು. ಅವರು ಹಿಂದಿನ ಒಂದೆರಡು ಸಂಗತಿಗಳನ್ನು ಜ್ಞಾಪಿಸಿಕೊಳ್ಳಬೇಕು. ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಶಾಲೆಯ ವಿದ್ಯಾರ್ಥಿಗಳು ೧೮೪೮ರಲ್ಲಿ ಸಾಹಿತ್ಯ ಮತ್ತು ವಿಜ್ಞಾನಗಳ ಚರ್ಚೆಗೆಂದು ಒಂದು ಸಂಘವನ್ನು ಕಟ್ಟಿದರು. ಇಂಗ್ಲಿಷಿನಲ್ಲಿ ಪ್ರಬಂಧ ಓದುವುದರಿಂದ ಅದರ ಕೆಲಸ ಮೊದಲಾಯಿತು. ಓದಿದ ವಿಷಯ ತಮ್ಮ ಜನಕ್ಕೂ ತಿಳಿಯಬೇಕೆಂದು ಮರಾಠಿಯಲ್ಲಿಯೂ ಗುಜರಾತಿಯಲ್ಲಿಯೂ ಶಾಖೆಗಳು ಹುಟ್ಟಿದುವು. ಮಾರನೆಯ ವರ್ಷ, ೧೮೪೯ರಲ್ಲಿ, ಅದೇ ಹುಡುಗರು ಹೆಣ್ಣುಮಕ್ಕಳಿಗಾಗಿ ಪಾಠಶಾಲೆಗಳನ್ನು ತೆರೆದು, ತಮ್ಮ ಬಿಡುವಿನ ವೇಳೆಯಲ್ಲಿ ತಾವೇ ಉಪಾಧ್ಯಾಯರಾಗಿ ಪಾಠ ಹೇಳಿದರು. ಮುಂದೆ ದೇಶದ ಹಿರಿಯರೆನಿಸಿದ ದಾದಾಭಾಯಿ ನವರೋಜಿಯವರು ಆ ಕೆಲಸದಲ್ಲಿ ತೊಡಗಿದ್ದ ತರುಣರಲ್ಲೊಬ್ಬರು. ಪಾಠಪಟ್ಟಿಯಲ್ಲಿ ಇಲ್ಲದ ಕೆಲಸ ಅದು. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವೂ ಇರಲಿಲ್ಲ.

ನಮ್ಮ ಕಡೆಯ ಮಾತಿಗೆ ಬರೋಣ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಕರ್ಣಾಟಕ ಸಂಘವನ್ನು ಬೆಳೆಸಿದರು. ಆ ಸಂಘದಿಂದಲೇ ೧೯೧೯ರ ಸುಮಾರಿಗೆ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹೊರಟಿತು. ಕಾಲೇಜಿನ ಗೋಡೆಗಳೊಳಗೆ ಇಂಗ್ಲಿಷಿನ ಪ್ರಭುತ್ವ ನಡೆಯುತ್ತಿದ್ದ ದಿನಗಳು ಅವು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಎಂ. ಎ. ತರಗತಿ ಆರಂಭವಾದದ್ದು ೧೯೨೭ರಲ್ಲಿ. ಎಂದರೆ, ಕನ್ನಡದಲ್ಲಿ ಗಂಭೀರವಾಗಿ ಆಲೋಚಿಸಬಹುದೆಂಬುದನ್ನು ತರಗತಿಗಿಂತ ಮೊದಲು ಸಂಘವೇ ತೋರಿಸಿಕೊಟ್ಟಿತು. ಮುಂದೆ ಆ ಪತ್ರಿಕೆಯನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಇನ್ನೂ ಈಚೆಗೆ ಬಂದರೆ, ೧೯೭೦ರ ದಶಕದಿಂದ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ, ಚಿ. ಶ್ರೀನಿವಾಸರಾಜು ಅವರ ಮುಂದಾಳುತನದಲ್ಲಿ, ಕಾಲೇಜು ಹುಡುಗರ ಕವಿತೆಗಳನ್ನು ಸ್ಪರ್ಧೆಯ ಮೂಲಕ ಆರಿಸಿ ಅಚ್ಚುಮಾಡಿಸಿ, ಎಷ್ಟೋ ಹೊಸ ಲೇಖಕರಿಗೆ ಮೊದಲನೆಯ ಬಾಗಿಲು ತೆರೆಯಿತು.

ಈ ಮೂರು ಸಂಘಗಳಿಗೂ ಸಮಾನವಾದ ಗುಣವೊಂದಿದೆ. ಇವುಗಳ ನಿಜವಾದ ಫಲ ಆಯಾ ವರ್ಷದ ವರದಿಯಲ್ಲಿ ಸೇರಿರಲಾರದು. ಒಬ್ಬ ಹುಡುಗ ಇಪ್ಪತ್ತನೆಯ ವಯಸ್ಸಿನಲ್ಲಿ ಸಂಘದ ಕೋಣೆಯಲ್ಲಿ ಆಡಿದ ಮಾತು ಮೊಳೆತು ಬೆಳೆಯುವುದು ಅವನ ನಲವತ್ತನೆಯ ವಯಸ್ಸಿನಲ್ಲಿ. ಹಾಗಾದರೆ ವರ್ಷದ ಕೊನೆಯಲ್ಲಿ ನೋಡಬೇಕಾದದ್ದು ಯಾವುದು? ಬಿತ್ತನೆ ಸರಿಯಾಗಿ ಆಯಿತೆ ಎಂಬುದನ್ನು. ಅದಕ್ಕೆ ಬೇಕಾದ ಹದ ಯಾವುದೆಂದರೆ ಬಿಡುವು. ಮನಸ್ಸು ತನ್ನಷ್ಟಕ್ಕೆ ತಾನು ಓಡಾಡುವಂಥ ಬಿಡುವು.

ಇಲ್ಲಿ ಮಾಗಿಯ ಮಾತು ಬರುತ್ತದೆ. ಜೂನ್ ತಿಂಗಳಲ್ಲಿ ಕಾಲೇಜು ತೆರೆದು ಮಾರ್ಚಿಯಲ್ಲಿ ಪರೀಕ್ಷೆ ನಡೆಯುತ್ತಿದ್ದ ದಿನಗಳಲ್ಲಿ, ಮಳೆಗಾಲವೆಲ್ಲ ಪ್ರವೇಶದ ಗಲಾಟೆ, ಪುಸ್ತಕದ ಹುಡುಕಾಟ, ಪರಿಚಯಗಳಲ್ಲೇ ಕಳೆಯುತ್ತಿತ್ತು. ದಸರೆಯ ರಜ ಮುಗಿಸಿಕೊಂಡು ಬಂದಮೇಲೆ ಸಂಕ್ರಾಂತಿಯವರೆಗಿನ ಮೂರು ತಿಂಗಳೇ ಸಂಘದ ನಿಜವಾದ ಆಯುಷ್ಯ. ಸಂಕ್ರಾಂತಿ ಕಳೆಯಿತೆಂದರೆ ಪರೀಕ್ಷೆಯ ಭಯ ಎಲ್ಲರನ್ನೂ ಕೋಣೆಯೊಳಕ್ಕೆ ಅಟ್ಟುತ್ತಿತ್ತು. ಈಗ ಅನೇಕ ಕಡೆ ಆರು ತಿಂಗಳಿಗೊಂದು ಪರೀಕ್ಷೆ. ಬಿಡುವೆಂಬುದು ಎರಡು ಪರೀಕ್ಷೆಗಳ ನಡುವೆ ಸಿಕ್ಕಿಕೊಂಡು ಬಡವಾಗಿದೆ. ಸಂಘಗಳೂ ಉದ್ಘಾಟನೆ ಒಂದು, ಸಮಾರೋಪ ಒಂದು, ನಡುವೆ ಪ್ರಮಾಣಪತ್ರಗಳ ಹಂಚಿಕೆ ಒಂದು, ಎಂಬಂತಾಗಿವೆ. ಆದುದರಿಂದಲೇ ಉಳಿದಿರುವ ಮಾಗಿಯ ದಿನಗಳನ್ನಾದರೂ ವಿದ್ಯಾರ್ಥಿಗಳು ಕಳೆದುಕೊಳ್ಳಬಾರದೆಂದು ನನ್ನ ಹಂಬಲ.

ನಮ್ಮ ಚಳಿಗಾಲವನ್ನು ನಾವು ಅನುಭವಿಸುವುದಕ್ಕೆ ಒಂದು ವಿಚಿತ್ರವಾದ ಅಡ್ಡಿಯಿದೆ. ಅದು ನಾವು ಓದಿದ ವಿದ್ಯೆ. ಚಳಿಗಾಲವನ್ನು ಕುರಿತು ಪ್ರಬಂಧ ಬರೆಯೆಂದರೆ ನಮ್ಮ ವಿದ್ಯಾರ್ಥಿ ಹಿಮವನ್ನು ಸುರಿಸುತ್ತಾನೆ, ಮರಗಳನ್ನೆಲ್ಲ ಬೋಳುಮಾಡುತ್ತಾನೆ, ಮುಪ್ಪು ಮರಣಗಳನ್ನು ತರುತ್ತಾನೆ. ಇಂಗ್ಲೆಂಡಿನ ಕವಿಗಳಿಗೆ ಅದು ಸತ್ಯ, ನಮಗಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲೆಯಾದ ಅತಿ ಹೆಚ್ಚಿನ ಚಳಿ ೧೮೮೪ನೆಯ ಜನವರಿ ೧೩ರಂದು. ಅಂದೂ ಉಷ್ಣತೆ ೭.೮ ಡಿಗ್ರಿಗಿಂತ ಕೆಳಕ್ಕಿಳಿಯಲಿಲ್ಲ. ನಮ್ಮ ಪಾಲಿಗೆ ಹೇಮಂತವೆಂದರೆ ಸುಗ್ಗಿ, ಕಣಜ ತುಂಬುವ ಕಾಲ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ರಾಶಿ ಬೀಳುತ್ತದೆ. ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬರುತ್ತದೆ. ಮನೆಮನೆಯಲ್ಲಿ ಹಿತಕಿದ ಬೇಳೆಯ ಸಾರಿನ ಪರಿಮಳ. ಧನುರ್ಮಾಸದ ನಸುಕಿನಲ್ಲಿ ಗುಡಿಯ ಬಿಸಿ ಹುಗ್ಗಿಗೆ ಕೈಯೊಡ್ಡಿದವನಿಗೆ ಚಳಿಯೂ ದೇವರ ಪ್ರಸಾದವೆಂದೇ ತೋರುತ್ತದೆ. ಬೀದಿಯ ಬದಿಯಲ್ಲಿ ಆಕಾಶಮಲ್ಲಿಗೆ ರಾತ್ರಿಯೆಲ್ಲ ಉದುರಿ, ಬೆಳಗ್ಗೆ ನೆಲ ಬೆಳ್ಳಗಿರುತ್ತದೆ. ನಮಗೆ ಬೇಕಾದ ಹಿಮ ಅಷ್ಟೇ.

ಕಣ್ಣೆದುರಿಗಿರುವುದನ್ನು ಕಾಣದೆ, ಓದಿದ್ದನ್ನು ಕಂಡಂತೆ ಬರೆಯುವುದು ಸಣ್ಣ ದೋಷವಲ್ಲ. ಈ ದೋಷವನ್ನು ತರಗತಿಯ ಪಾಠ ತಿದ್ದಲಾರದು, ಸಂಘ ತಿದ್ದಬಲ್ಲುದು. ಅದಕ್ಕೆ ಹಣವೂ ಹೆಚ್ಚು ಬೇಡ. ಮಳೆ ನಿಂತಮೇಲಿನ ಆಕಾಶ ವರ್ಷದಲ್ಲೆಲ್ಲ ನಿರ್ಮಲವಾದದ್ದು. ಮೋಡದ ಹೊದಿಕೆ ಇಲ್ಲದಿರುವುದರಿಂದಲೇ ನೆಲದ ಕಾವು ರಾತ್ರಿ ಮೇಲಕ್ಕೆ ಹಾರಿಹೋಗಿ ಚಳಿಯೂ ಮಂಜೂ ಉಂಟಾಗುತ್ತವೆ. ಡಿಸೆಂಬರಿನ ರಾತ್ರಿ ಒಂಬತ್ತು ಗಂಟೆಗೆ ಕಾಲೇಜಿನ ಮೈದಾನದಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತರೆ, ಕೃತ್ತಿಕೆಯ ಗೊಂಚಲು, ಕೆಂಪಗೆ ಮಿನುಗುವ ರೋಹಿಣಿ, ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರ, ಅವಕ್ಕೂ ಕೆಳಗೆ ಉಜ್ಜ್ವಲವಾದ ಲುಬ್ಧಕ, ಎಲ್ಲವೂ ಕಾಣುತ್ತವೆ. ಹುಣ್ಣಿಮೆಯ ಚಂದ್ರ ಮೃಗಶಿರೆಯ ಬಳಿಯಿರುವುದರಿಂದ ಆ ತಿಂಗಳಿಗೆ ಮಾರ್ಗಶಿರವೆಂದು ಹೆಸರಾಯಿತೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿ ಅಲ್ಲಿಯೇ ಬೆರಳುಮಾಡಿ ತೋರಿಸಿದರೆ, ಪಂಚಾಂಗವೂ ವಿಜ್ಞಾನವೂ ಒಂದೇ ಅಂಗಳದಲ್ಲಿ ಭೇಟಿಯಾಗುತ್ತವೆ.

ಮೈಸೂರಿನ ವಿದ್ಯಾರ್ಥಿಗಳಾದರೆ ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಒಂದು ಬೆಳಗ್ಗೆ ಹೋಗಿಬರಬಹುದು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಅಲ್ಲಿಗೆ ಚಳಿಗಾಲ ಕಳೆಯಲು ಬರುತ್ತವೆ. ಮಂಗೋಲಿಯದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ಣಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಅಷ್ಟು ದೂರದ ಹಕ್ಕಿ ನಮ್ಮ ಚಳಿಗಾಲವನ್ನು ಆರಿಸಿಕೊಂಡು ಬರುತ್ತದೆ. ನಾವು ಹೊದಿಕೆಯೊಳಗೆ ಮಲಗಿರುತ್ತೇವೆ! ಇಲ್ಲವೆ, ೧೨೫೮ರಲ್ಲಿ ಪ್ರತಿಷ್ಠೆಯಾದ ಸೋಮನಾಥಪುರದ ಕೇಶವ ದೇವಾಲಯಕ್ಕೆ ಸೈಕಲ್ಲಿನ ಮೇಲೆ ಹೋಗಬಹುದು. ಎಳೆಬಿಸಿಲು ಓರೆಯಾಗಿ ಬೀಳುವಾಗ ಅಲ್ಲಿಯ ಶಿಲ್ಪದ ಆಳ ಎದ್ದುಕಾಣುವಂತೆ ಬೇಸಗೆಯ ಮಧ್ಯಾಹ್ನದಲ್ಲಿ ಕಾಣದು.

ಇಂಥ ವಿಹಾರ ಕಾಲಹರಣವೆಂದು ತಂದೆತಾಯಿಗಳು ಭಾವಿಸುವುದುಂಟು. ಅವರ ಚಿಂತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಸಾಲಮಾಡಿ ಓದಿಸುವ ತಂದೆಗೆ ಮಗ ಹಕ್ಕಿ ನೋಡಲು ಹೋದನೆಂದರೆ ಸಂತೋಷವಾಗುವುದು ಕಷ್ಟ. ಆದರೂ ಅವರಿಗೆ ನಾನು ಕಂಡ ಒಂದು ಸಭೆಯ ವಿಷಯವನ್ನು ಹೇಳಬೇಕು. ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಎರಡು ವರ್ಷ ಸಂಘದಲ್ಲಿ ಬಾಯಿ ಬಿಟ್ಟಿರಲಿಲ್ಲ. ಮಾಗಿಯ ಒಂದು ಸಂಜೆ, ಗೊತ್ತಾಗಿದ್ದ ಉಪನ್ಯಾಸಕರು ಬರಲಿಲ್ಲವಾಗಿ, ಯಾರಾದರೂ ತಮಗೆ ತಿಳಿದದ್ದನ್ನು ಹೇಳಿರೆಂದಾಗ ಅವನು ಎದ್ದು ತಮ್ಮೂರಿನ ಕಣದ ವಿಚಾರ ಹೇಳಿದ. ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಗಟ್ಟಿಮಾಡಿ, ಸಗಣಿಯಿಂದ ಸಾರಿಸುವುದು. ಹರಡಿದ ರಾಗಿಯ ತೆನೆಯ ಮೇಲೆ ಎತ್ತುಗಳಿಂದ ರೋಣಗಲ್ಲನ್ನು ಎಳೆಸುವುದು. ಗಾಳಿ ಏಳುವ ಹೊತ್ತನ್ನು ಕಾದು ಮೊರವೆತ್ತಿ ತೂರುವುದು. ಜಳ್ಳು ದೂರ ಹಾರಿ ಕಾಳು ಕಾಲಬಳಿ ಬೀಳುವುದು. ರಾಶಿಗೆ ಪೂಜೆಮಾಡಿ, ಉಣ್ಣುವುದಕ್ಕೆ ಮೊದಲು ಬಿತ್ತನೆಯ ಕಾಳನ್ನು ತೆಗೆದಿಡುವುದು. ಹತ್ತು ನಿಮಿಷ ಸಭೆಯಲ್ಲಿ ಯಾರೂ ಕದಲಲಿಲ್ಲ. ಪೇಟೆಯ ಹುಡುಗರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಅಂದಿನಿಂದ ಅವನು ತಲೆಯೆತ್ತಿ ನಡೆದ. ಆ ವರ್ಷದ ವರದಿಯಲ್ಲಿ ಆ ಸಂಜೆಯ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಉಪನ್ಯಾಸಕರು ಬಾರದುದರಿಂದ ಸಭೆ ನಡೆಯಲಿಲ್ಲ.

ನನ್ನ ದೂರೆಲ್ಲ ಆ ಒಂದು ವಾಕ್ಯದ ಮೇಲೆ. ನಡೆದ ಸಭೆಗಳಲ್ಲೆಲ್ಲ ಶ್ರೇಷ್ಠವಾದದ್ದು ನಡೆಯದ ಸಭೆಗಳ ಲೆಕ್ಕಕ್ಕೆ ಸೇರಿತು. ವರದಿ ಬರೆಯುವ ವಿದ್ಯಾರ್ಥಿ ವಿದ್ಯಾರ್ಥಿನಿಯರು ಆ ಹುಡುಗ ಹೇಳಿದ ಕಣವನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಲಿ ಎನ್ನುತ್ತೇನೆ. ಮೊದಲು ತೂರಲಿ. ಯಾವ ಸಭೆಗೆ ಹನ್ನೆರಡು ಜನರೂ ಬರಲಿಲ್ಲ, ಏಕೆ ಬರಲಿಲ್ಲ, ಎಂಬುದನ್ನು ಸಂಕೋಚವಿಲ್ಲದೆ ಬರೆಯಲಿ. ಜಳ್ಳನ್ನು ಜಳ್ಳೆಂದವನ ಮಾತಿನಲ್ಲಿ ಮಾತ್ರ ಕಾಳಿಗೆ ಬೆಲೆ ಬರುತ್ತದೆ. ಎರಡನೆಯದಾಗಿ, ಈ ವರ್ಷ ಮೊದಲ ಬಾರಿಗೆ ಬಾಯಿ ತೆರೆದವರು ಎಷ್ಟು ಮಂದಿ ಎಂಬುದನ್ನು ಎಣಿಸಲಿ. ದೊಡ್ಡವರು ಬಂದು ಮಾಡಿದ ಭಾಷಣ ದೊಡ್ಡವರ ಸಂಪತ್ತು. ಚಿಕ್ಕವನೊಬ್ಬ ಎದ್ದು ಆಡಿದ ನಾಲ್ಕು ಮಾತು ಸಂಘದ ಸಂಪತ್ತು. ಮೂರನೆಯದಾಗಿ, ಬಿತ್ತನೆಯ ಕಾಳನ್ನು ತೆಗೆದಿಡಲಿ. ಅರ್ಧಕ್ಕೆ ನಿಂತ ಕೆಲಸ ಯಾವುದು, ಕಪಾಟಿನಲ್ಲಿ ಎಷ್ಟು ಪುಸ್ತಕ, ಯಾರನ್ನು ಕೇಳಿದರೆ ನೆರವು ಸಿಕ್ಕುತ್ತದೆ, ಇವನ್ನು ಬರೆದಿಟ್ಟರೆ ಮುಂದಿನ ಜೂನ್ ತಿಂಗಳಲ್ಲಿ ಬೀಗ ತೆರೆಯುವ ಅಪರಿಚಿತ ಹುಡುಗನಿಗೆ ಅದೇ ಬಂಡವಾಳ.

ಅಧ್ಯಾಪಕರಾದ ನಮ್ಮ ಕೆಲಸವೂ ಒಂದಿದೆ. ಮಾಗಿಯ ವಾರಗಳಲ್ಲಿ ಒಂದೆರಡು ಸಂಜೆಗಳನ್ನು ಅವರಿಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟಮೇಲೆ, ಅಧ್ಯಕ್ಷಪೀಠದಲ್ಲಿ ಕೂರದೆ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಇನ್ನು ಸ್ವಲ್ಪ ದಿನಕ್ಕೆ ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬುದು ನಮ್ಮ ಹಿರಿಯರ ವಿಧಿ. ಒಳ್ಳೆಯ ಮಾತೆಂದರೆ ಬರಿಯ ಸವಿಮಾತೆಂದು ಅವರು ಹೇಳಿರಲಾರರು. ಬೆಲ್ಲದ ಸಂಗಡ ಎಳ್ಳಿನ ಒಗರೂ ಇರುತ್ತದೆ. ಸಂಘದ ವರದಿಯೂ ಹಾಗಿರಲಿ. ಈ ಚಳಿಯಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಒಂದು ರಾತ್ರಿಯಾದರೂ ಆಕಾಶ ನೋಡಲಿ, ಒಂದು ಬೆಳಗಾದರೂ ಕೆರೆಯ ಏರಿಯ ಮೇಲೆ ನಿಲ್ಲಲಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಸಂಘಕ್ಕೆ ಬಂದು ಹೇಳಲಿ. ಆಗ ಕಾರ್ಯದರ್ಶಿಗೆ ವರದಿಯಲ್ಲಿ ಬರೆಯುವುದಕ್ಕೆ ಏನಾದರೂ ಸಿಕ್ಕೀತು. ಹಿಂದಿನ ಸಾಲಿನವರೂ ಕಿವಿಗೊಟ್ಟು ಕೇಳಿಯಾರು.