ತಲಾಟಿಯ ಗಂಟೂ ಗಣಕಯಂತ್ರವೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ಈ ಕಡೆ ರೈತ ಬೆಳೆಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಉತಾರ. ಸರಕಾರಿ ಭಾಷೆಯಲ್ಲಿ ಪಹಣಿ. ಹಿಂದೆ ಅದು ತಲಾಟಿಯ ಗಂಟಿನಲ್ಲಿರುತ್ತಿತ್ತು. ತಲಾಟಿ ಸಿಕ್ಕ ದಿನ ಉತಾರ ಸಿಕ್ಕಿತು. ಅದೂ ಕೈ ಬಿಸಿ ಮಾಡಿದರೆ.

ಈ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ 'ಭೂಮಿ' ಯೋಜನೆ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಒಂದು ಪ್ರಯತ್ನ ನಡೆದು ಮುಗ್ಗರಿಸಿದ್ದು ಅಷ್ಟಾಗಿ ಗೊತ್ತಿಲ್ಲ. 1990ರ ದಶಕದಲ್ಲಿ ಕೇಂದ್ರದ ನೆರವಿನಿಂದ ಭೂದಾಖಲೆಗಳ ಗಣಕೀಕರಣ ಆರಂಭವಾಯಿತು. ಆದರೆ ಯಂತ್ರ ಜಿಲ್ಲಾ ಕೇಂದ್ರದಲ್ಲಿ, ಪುಸ್ತಕ ಹಳ್ಳಿಯಲ್ಲಿ! ಹೊಲ ಮಾರಾಟವಾದರೆ, ಅಣ್ಣತಮ್ಮಂದಿರು ಪಾಲಾದರೆ ತಲಾಟಿ ತನ್ನ ಪುಸ್ತಕ ತಿದ್ದುತ್ತಿದ್ದ. ಯಂತ್ರದಲ್ಲಿ ಹಳೆಯ ಹೆಸರೇ ಉಳಿಯುತ್ತಿತ್ತು. ಇದು ತಂತ್ರಾಂಶ ಬರೆದವರ ದಡ್ಡತನವಲ್ಲ. ದಿನವೂ ಪುಸ್ತಕ ಬಳಸುವವನನ್ನು ಕೆಲಸದಲ್ಲಿ ಸೇರಿಸಿಕೊಂಡಿರಲಿಲ್ಲ, ಅಷ್ಟೆ.

'ಭೂಮಿ'ಗೆ ತಂತ್ರಾಂಶ ಬರೆದದ್ದು ಎನ್‌ಐಸಿ. ಬರೆಸಿದ್ದು ಕಂದಾಯ ಇಲಾಖೆ, ಅದರ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಬರೆಸುವವರು ಈ ಸಲ ಕೈಕಟ್ಟಿ ಕೂರಲಿಲ್ಲ. ವಿವರ ತುಂಬುವ ಕೆಲಸ ಖಾಸಗಿಯವರಿಗೆ ಹೋದರೂ ಅಚ್ಚಾಗಿ ಬಂದ ಹಾಳೆಗಳನ್ನು ಮೂಲ ಪುಸ್ತಕದೊಡನೆ ಹೋಲಿಸಿ ನೋಡುವ ಹೊಣೆ ತಲಾಟಿಗಳದಾಯಿತು. ಖರಾಬು ಎಂದರೇನು, ಹಿಸ್ಸಾ ಎಂದರೇನು ಎಂಬುದು ಪ್ರೋಗ್ರಾಂ ಬರೆಯುವವನಿಗೆ ಹೇಗೆ ಗೊತ್ತಾಗಬೇಕು? ತಲಾಟಿಗೆ ಅದೇ ದಿನದ ಊಟ.

ಇಷ್ಟಾದರೂ ಹಳೆಯ ಪದ್ಧತಿ ಪಕ್ಕದಲ್ಲೇ ಉಳಿದಿದ್ದರೆ ಯಾರೂ ಹೊಸದಕ್ಕೆ ಬರುತ್ತಿರಲಿಲ್ಲ. ಅದಕ್ಕಾಗಿ ಒಂದೊಂದೇ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಸಲ್ಲದೆಂದು ಸಾರಲಾಯಿತು. ತಲಾಟಿಯ ಹಿಡಿತ ತಪ್ಪಿದ್ದು ಅಲ್ಲಿ. 2002ರ ಹೊತ್ತಿಗೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಯಂತ್ರ ಸೇರಿದ್ದವು. ಆರಂಭದಲ್ಲಿ ಒಂದು ಪ್ರತಿಗೆ 15 ರೂಪಾಯಿ. ನೌಕರ ಬೆರಳಚ್ಚು ಒತ್ತಿದರೇ ಯಂತ್ರ ತೆರೆಯುತ್ತಿತ್ತು. ಯಾರು ತಿದ್ದಿದರೆಂಬುದು ದಾಖಲಾಗುತ್ತಿತ್ತು. ಹೆಸರು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಕೈಗೆತ್ತಿಕೊಳ್ಳಬೇಕಿತ್ತು.

ಎಲ್ಲಕ್ಕಿಂತ ಚೆಂದದ ಏರ್ಪಾಡು ಬೇರೆ. ಕೌಂಟರಿನಲ್ಲಿ ಎರಡು ಪರದೆ: ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಇಲಾಖೆಯ ಮೇಲ್ವಿಚಾರಣೆ ಒಂದು ಬಗೆಯದು. ತನ್ನ ಹೊಲದ ಮೇಲೆ ಕಣ್ಣಿಟ್ಟವನು ಎದುರಿಗೇ ನಿಂತು ನೋಡುವುದು ಇನ್ನೊಂದೇ ಬಗೆ.

ಆದರೆ ಪುಸ್ತಕದಲ್ಲೇ ಇದ್ದ ತಪ್ಪು ಪರದೆಗೂ ಬಂತು. ಅಜ್ಜನ ಹೆಸರಿನಲ್ಲಿ ಒಂದಕ್ಷರ ಹೆಚ್ಚು, ಗುಂಟೆಯಲ್ಲಿ ಒಂದಂಕಿ ಕಡಿಮೆ. ತಲಾಟಿ ಹಿಂದೆ ಪೆನ್ನಿನಿಂದ ತಿದ್ದಿಬಿಡಬಹುದಾಗಿದ್ದದ್ದಕ್ಕೆ ರೈತ ಈಗ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು. ಇಂಥ ತಿದ್ದುಪಡಿಗಳಿಗೆಂದೇ ಇಲಾಖೆ ಮುಂದೆ ಕಂದಾಯ ಅದಾಲತ್‌ಗಳನ್ನು ನಡೆಸಿತು.