ಹಿರಿಯರ ಮತ, ನಮ್ಮ ಹೊಣೆ
(ಮೂಡಲಪಾಳ್ಯದಲ್ಲಿ ಮಾಡಿದ ಭಾಷಣ)



1956ರ ನವೆಂಬರ್ 1ರಂದು ಕನ್ನಡನಾಡು ಒಂದಾದುದನ್ನು ಕಂಡ ವೃದ್ಧರು ನಮ್ಮ ನಡುವೆ ಇನ್ನೂ ಇರುವರು. ಅವರು 2015ರಲ್ಲಿ ಆರಿಸಿದ ಬೆಂಗಳೂರು ಪಾಲಿಕೆಯ ಸಭೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ತೀರಿತು. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆಯು ಐದಾಯಿತು. ನಡುವಣ ಐದು ವರ್ಷಗಳೂ ಅಧಿಕಾರಿಗಳ ಆಡಳಿತದಲ್ಲಿಯೇ ಕಳೆದುವು. ಕಾಲುದಾರಿಯ ಕಲ್ಲು ಎದ್ದರೆ, ಬೀದಿಯ ದೀಪ ಆರಿದರೆ, ಊರುಗೋಲು ಹಿಡಿದವರು ಮೊರೆಯಿಡಲು ವಾರ್ಡಿನ ಸದಸ್ಯರೇ ಇರಲಿಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ತುಂಬಿದವರಿಗೆ ಮನೆಯಲ್ಲಿಯೇ ಮತ ನೀಡುವ ಅನುಕೂಲವು ದೊರೆಯಿತು. 2024ರ ಲೋಕಸಭಾ ಚುನಾವಣೆಗೆ ಆ ಮಿತಿಯು 85ಕ್ಕೇರಿತು. ದೂರದ ಸಭೆಗಳಿಗೆ ಸಂದ ಅನುಕೂಲವು ಮನೆಬಾಗಿಲಿನ ಪಾಲಿಕೆಯ ಚುನಾವಣೆಗೂ ಸಲ್ಲತಕ್ಕದ್ದು. ಮತ ಬೇಡಿ ಬರುವವರನ್ನು ನಾವು ಮೊದಲು ಇದನ್ನೇ ಕೇಳೋಣ. ಅದು ಕೈಗೂಡುವವರೆಗೆ ಹಿರಿಯರನ್ನು ಕೈಹಿಡಿದು ಮತಗಟ್ಟೆಗೆ ಕರೆದೊಯ್ಯುವುದು ನಮ್ಮ ಧರ್ಮ.