ಹಳೇ ತಕ್ಕಡಿ, ಹೊಸ ತಕ್ಕಡಿ: ಟಿಬಿ ಪರೀಕ್ಷೆಯನ್ನು ನಂಬೋದು ಹೇಗೆ?

ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರಿಗೆ ಈರುಳ್ಳಿ ತೂಕದ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಮಂಡಿಯ ಹಳೇ ತಕ್ಕಡಿ ಚೀಲಕ್ಕೆ ಎರಡು ಕೆಜಿ ಕಮ್ಮಿ ತೋರಿಸುತ್ತೆ ಅಂದ್ಕೊಳ್ಳಿ. ಅದನ್ನೇ ಪ್ರಮಾಣ ಅಂತ ಹಿಡಿದರೆ, ಸರಿಯಾಗಿ ತೂಗೋ ಹೊಸ ತಕ್ಕಡಿಯೇ ಸುಳ್ಳು ಅನ್ನಿಸುತ್ತೆ. ರೋಗ ಪತ್ತೆಯಲ್ಲೂ ಇದೇ ತೊಡಕು.

ಟಿಬಿ, ಅಂದರೆ ಕ್ಷಯವನ್ನೇ ನೋಡಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯ್ತು. ಅಲ್ಲಿನ ಕೆಲಸದ ಮೇಲೆ 1962ರ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಕಫವನ್ನು ಮೈಕ್ರೋಸ್ಕೋಪಿನಲ್ಲಿ ನೋಡೋದು ಅದರ ಮುಖ್ಯ ಅಸ್ತ್ರ. ಅಗ್ಗ, ಸರಳ. ಆದರೆ ಕ್ರಿಮಿ ಕಣ್ಣಿಗೆ ಬೀಳಬೇಕಾದರೆ ಒಂದು ಎಂಎಲ್ ಕಫದಲ್ಲಿ ಸುಮಾರು 5ರಿಂದ 10 ಸಾವಿರ ಇರಬೇಕು. ಟ್ರೂನ್ಯಾಟ್‌ನಂಥ ಹೊಸ ಪರೀಕ್ಷೆಗಳು ಕ್ರಿಮಿಯ ಡಿಎನ್ಎಯನ್ನೇ ಹುಡುಕುತ್ತವೆ, ಅದಕ್ಕಿಂತ ಎಷ್ಟೋ ಕಮ್ಮಿ ಇದ್ದರೂ ಹಿಡೀತವೆ.

ಈಗ ಒಂದು ಲೆಕ್ಕ, ಬರೀ ಉದಾಹರಣೆಗೆ. ಕೆಮ್ಮಿರೋ 100 ಜನರಲ್ಲಿ 20 ಜನಕ್ಕೆ ನಿಜವಾಗಿ ಟಿಬಿ ಇದೆ. ಮೈಕ್ರೋಸ್ಕೋಪು 12 ಜನರನ್ನು ಹಿಡೀತು. ಹೊಸ ಪರೀಕ್ಷೆ ಆ 12 ಸೇರಿ 18. ಮೈಕ್ರೋಸ್ಕೋಪೇ ಸತ್ಯ ಅಂದುಬಿಟ್ಟರೆ, ಉಳಿದ 6 ಜನ ‘ಸುಳ್ಳು ಪಾಸಿಟಿವ್’. ವಾಸ್ತವದಲ್ಲಿ ಆ ಆರೂ ಜನ ರೋಗಿಗಳು. ಔಷಧಿ ಇಲ್ಲದೆ ಮನೆಗೆ ಹೋಗ್ತಾರೆ.

ಹಾಗಂತ ಹೊಸದನ್ನೇ ಕಣ್ಮುಚ್ಚಿ ನಂಬೋ ಹಾಗೂ ಇಲ್ಲ. ಹಿಂದೆ ಚಿಕಿತ್ಸೆ ಪಡೆದವರ ಕಫದಲ್ಲಿ ಸತ್ತ ಕ್ರಿಮಿಯ ಡಿಎನ್ಎ ಉಳಿದಿರಬಹುದು. ಅದನ್ನೂ ಪಾಸಿಟಿವ್ ಅನ್ನಬಹುದು.

ಹಾಗಾದರೆ ತೀರ್ಪು ಕೊಡೋರು ಯಾರು? ಸಾಮಾನ್ಯವಾಗಿ ಕಲ್ಚರ್, ಅಂದರೆ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡೋದು. ಅದಕ್ಕೆ ವಾರಗಟ್ಟಲೆ ಬೇಕು, ಅದೂ ಕೆಲವರನ್ನು ಬಿಡುತ್ತೆ. ಮಕ್ಕಳಲ್ಲಂತೂ ಕಫ ಸಿಗೋದೇ ಕಷ್ಟ. ಅದಕ್ಕೇ ಸಂಶೋಧಕರು ಕಲ್ಚರ್, ಎಕ್ಸ್‌ರೇ, ರೋಗಲಕ್ಷಣ ಎಲ್ಲ ಒಟ್ಟಿಗೆ ನೋಡ್ತಾರೆ. ಕೆಲವು ತಿಂಗಳಾದ ಮೇಲೆ ರೋಗಿ ಹೇಗಿದ್ದಾರೆ ಅಂತಲೂ ವಿಚಾರಿಸ್ತಾರೆ. ಇನ್ನೊಂದು ಎಚ್ಚರಿಕೆ: ಎರಡು ಪರೀಕ್ಷೆ ಒಂದೇ ಥರ ತಪ್ಪಿದರೆ, ಎರಡೂ ಒಪ್ಪಿವೆ ಅಂದಮಾತ್ರಕ್ಕೆ ಅದು ಸತ್ಯ ಆಗಲ್ಲ.

ಹೊಸ ಪರೀಕ್ಷೆ ‘95 ಪರ್ಸೆಂಟ್ ನಿಖರ’ ಅಂತ ಯಾರಾದರೂ ಹೇಳಿದರೆ, ಯಾವುದಕ್ಕೆ ಹೋಲಿಸಿ ಅಂತ ಕೇಳಿ. ಇನ್ನು, ಎರಡು ವಾರ ದಾಟಿದ ಕೆಮ್ಮಿದ್ದು, ಮೈಕ್ರೋಸ್ಕೋಪಿನಲ್ಲಿ ಏನೂ ಇಲ್ಲ ಅಂತ ಬಂದರೆ ಸುಮ್ಮನಾಗಬೇಡಿ. ಡಿಎನ್ಎ ಪರೀಕ್ಷೆ ಮಾಡ್ತೀರಾ ಅಂತ ಡಾಕ್ಟರನ್ನು ಕೇಳಿ. ಸರ್ಕಾರಿ ಕಾರ್ಯಕ್ರಮದಲ್ಲಿ ಅದು ಉಚಿತ.